ಮಗನಿಗೆ ಅಡುಗೆ ಸೆಟ್ ಕೊಡಿಸಬಹುದೇ?

ಪ್ರಶ್ನೆ: ನಮ್ಮ ಮಗನಿಗೆ 3 ವರ್ಷ. ಅಂಗಡಿಗೆ ಹೋದರೆ ಕಾರು, ಜೆಸಿಬಿ ಎಲ್ಲ ಬಿಟ್ಟು ಅಡುಗೆ ಸೆಟ್ಟೇ ಬೇಕೆಂದು ಹಟ ಹಿಡಿಯುತ್ತಾನೆ. ‘ಅದು ಹೆಣ್ಣುಮಕ್ಕಳ ಆಟ, ಬೇಡ’ ಎನ್ನುತ್ತಾರೆ ನಮ್ಮ ಅತ್ತೆ. ಏನು ಮಾಡಲಿ?

ಕೊಡಿಸಿ. ಈ ವಯಸ್ಸಿನ ಮಕ್ಕಳು ದಿನಾ ಕಣ್ಣೆದುರು ನಡೆಯುವುದನ್ನೇ ಆಟವಾಗಿ ಆಡುತ್ತಾರೆ. ಖಾಲಿ ಲೋಟಕ್ಕೆ ಕಾಫಿ ಬಗ್ಗಿಸಿ ‘ಬಿಸಿ ಇದೆ, ಊದ್ಕೊಂಡು ಕುಡಿ’ ಎಂದು ಕೊಡುವ ಮಗು ಇಲ್ಲದ್ದನ್ನು ಕಲ್ಪಿಸಿಕೊಳ್ಳುತ್ತಿದೆ, ಎದುರಿಗಿರುವವರ ಬಗ್ಗೆ ಯೋಚಿಸುತ್ತಿದೆ. ಈ ಅಭ್ಯಾಸ ಗಂಡುಮಗುವಿಗೂ ಬೇಕು.

ಆಟಿಕೆಗೆ ಗಂಡು-ಹೆಣ್ಣು ಎಂದು ಹೆಸರಿಡುವವರು ಹೆಚ್ಚಾಗಿ ದೊಡ್ಡವರೇ. 1978ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 32 ತಾಯಂದಿರ ಕೈಗೆ, ಬೇರೆಯವರ 6 ತಿಂಗಳ ಕೂಸುಗಳನ್ನು ಆಡಿಸಲು ಕೊಟ್ಟರು. ಕೂಸಿನ ಬಟ್ಟೆ, ಹೆಸರುಗಳನ್ನು ಅದಲುಬದಲು ಮಾಡಿದ್ದರು. ಗಂಡು ಎಂದುಕೊಂಡ ಕೂಸಿಗೆ ಹೆಚ್ಚಾಗಿ ಮೊದಲು ಸಿಕ್ಕಿದ್ದು ಸುತ್ತಿಗೆಯಾಕಾರದ ಗಿಲಕಿ, ಹೆಣ್ಣು ಎಂದುಕೊಂಡದ್ದಕ್ಕೆ ಬೊಂಬೆ. ಹುಟ್ಟಿನಿಂದ ಬರುವ ಒಲವು ಇಲ್ಲವೇ ಇಲ್ಲ ಎಂದಲ್ಲ. ಆದರೆ ಕೂಸು ಕೈ ಚಾಚುವ ಮೊದಲೇ ನಾವು ಆರಿಸಿ ಕೊಟ್ಟಿರುತ್ತೇವೆ.

ಮುಂದೆ ಒಂದು ಘಟ್ಟ ಬರುತ್ತದೆ, ಆಗ ಗಾಬರಿಯಾಗಬೇಡಿ. ತಾನು ಹುಡುಗ ಅಥವಾ ಹುಡುಗಿ ಎಂದು ಮಕ್ಕಳು 3ರ ಹೊತ್ತಿಗೆ ಹೇಳಬಲ್ಲರು. ಬಟ್ಟೆ, ಆಟ ಬದಲಾದರೂ ಅದು ಬದಲಾಗದು ಎಂಬ ತಿಳಿವಳಿಕೆ ಗಟ್ಟಿಯಾಗುವುದು ಸುಮಾರು 5ರಿಂದ 7ರಲ್ಲಿ. ನಡುವಿನ ಈ ವರ್ಷಗಳಲ್ಲೇ ‘ಹುಡುಗರು ಬೊಂಬೆ ಆಡಲ್ಲ’ ಎಂದು ಕಟ್ಟುನಿಟ್ಟಾಗಿ ಹೇಳಿಬಿಡುತ್ತಾರೆ. ವಾದಿಸಬೇಡಿ, ಕಾರು ಕಿತ್ತುಕೊಂಡು ಬೊಂಬೆ ತುರುಕಬೇಡಿ. ಬಲವಂತ ಮಾಡಿದರೆ ಬೊಂಬೆಯ ಮೇಲೇ ಸಿಟ್ಟು ಬರುತ್ತದೆ. ಮದುವೆಮನೆಯಲ್ಲಿ ಅಡುಗೆ ಭಟ್ಟರು ಕೊಪ್ಪರಿಗೆಯಲ್ಲಿ ಸಾರು ಕುದಿಸುವುದನ್ನು ತೋರಿಸಿ, ಸಾಕು. ಅತ್ತೆಯವರಿಗೂ ಅದೇ ಉತ್ತರ.

ನಮಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಯಾರೂ ಕೇಳದ ಪ್ರಶ್ನೆ: ಮಗಳಿಗೆ ಬ್ಲಾಕ್ಸ್ ಇದೆಯೇ? ವಸ್ತುಗಳನ್ನು ಮನಸ್ಸಿನಲ್ಲೇ ತಿರುಗಿಸಿ ಜೋಡಿಸುವ ಶಕ್ತಿ ಅಭ್ಯಾಸದಿಂದ ಬೆಳೆಯುತ್ತದೆ ಎಂದು 217 ಅಧ್ಯಯನಗಳನ್ನು ಒಟ್ಟು ಮಾಡಿದ 2013ರ ವಿಶ್ಲೇಷಣೆ ತೋರಿಸಿದೆ. ಕೊಡಿಸಿ ಮೂಲೆಗಿಟ್ಟರೆ ಏನೂ ಆಗದು. ಜೊತೆಗೆ ಕೂತು ಮಾತಾಡಿ: ‘ಉದ್ದದ್ದು ಕೆಳಗಿಡು’, ‘ಈ ಅಂಚು ಓರೆಯಾಗಿದೆ’, ‘ಎರಡರ ನಡುವೆ ಸೇತುವೆ ಹಾಕು’. ಅಮೆರಿಕದ ಮನೆಗಳಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಕಾರ, ಅಳತೆಯ ಇಂಥ ಮಾತುಗಳು ಗಂಡುಮಕ್ಕಳ ಕಿವಿಗೇ ಹೆಚ್ಚು ಬೀಳುತ್ತಿದ್ದವು. ಅವರು ಆ ಪದಗಳನ್ನು ಹೆಚ್ಚು ಬಳಸುತ್ತಿದ್ದುದಕ್ಕೆ ಕಾರಣವೂ ಅದೇ ಎನಿಸಿತು. ಬ್ಲಾಕ್ಸ್ ಗುಲಾಬಿಯೇ ಆಗಬೇಕಿಲ್ಲ. ಮರದ್ದು, ಬೇರೆ ಬೇರೆ ಅಳತೆಯವು ಒಂದು 40 ಇರಲಿ. ಹತ್ತು ಹನ್ನೆರಡರಲ್ಲಿ ಗೋಪುರ ಕಟ್ಟಿ ಬೀಳಿಸುವುದಷ್ಟೇ ಆಟವಾಗುತ್ತದೆ.

ಅಡುಗೆ ಸೆಟ್ ಕೊಳ್ಳುವಾಗ ಐಎಸ್ಐ ಗುರುತು ನೋಡಿ. 2021ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ಮನೆಯಲ್ಲಿ ಇನ್ನೂ ಚಿಕ್ಕ ಮಗುವಿದ್ದರೆ 3 ಸೆಂ.ಮೀ.ಗಿಂತ ಸಣ್ಣ ಬಿಡಿಭಾಗಗಳನ್ನು ತೆಗೆದಿಡಿ, ಗಂಟಲಿಗೆ ಸಿಕ್ಕುತ್ತವೆ. ಕೊಳ್ಳಲೇಬೇಕೆಂದೂ ಇಲ್ಲ: ಎರಡು ಸ್ಟೀಲ್ ಲೋಟ, ಒಂದು ಸೌಟು, ನಿಂಬೆಹಣ್ಣಿನಷ್ಟು ಚಪಾತಿ ಹಿಟ್ಟು, ಪುಟ್ಟ ಲಟ್ಟಣಿಗೆ ಸಾಕು. ಅವರೆಕಾಯಿ ಕಾಲದಲ್ಲಿ ಅಜ್ಜಿಯ ಪಕ್ಕ ಕೂರಿಸಿ ಕಾಯಿ ಸುಲಿಯಲು ಬಿಡಿ, ಬೆರಳಿಗೆ ಒಳ್ಳೆಯ ಪಳಗಿಕೆ. ಕಾಳು ಮೂಗಿಗೆ ಹೋಗದಂತೆ ಯಾರಾದರೂ ನೋಡುತ್ತಿರಬೇಕು.