ಮಣಿಕಟ್ಟಿನ ನೋವು: ಉಳುಕಲ್ಲ, ಇಕ್ಕಟ್ಟು

ಮುಂಬಯಿಯ ಮಾಟುಂಗದ ಉಡುಪಿ ಹೋಟೆಲುಗಳಲ್ಲಿ ದಿನವಿಡೀ ಕಾವಲಿಯ ಮುಂದೆ ನಿಂತು ದೋಸೆ ಹುಯ್ಯುವವರು, ಡೊಂಬಿವಲಿಯ ಮನೆಗಳಲ್ಲಿ ಕೂಸನ್ನು ಎತ್ತಿ ಇಳಿಸುವ ಬಾಣಂತಿಯರು, ಹೆಬ್ಬೆರಳ ಬುಡ ಹಿಡಿದುಕೊಂಡು ಹೇಳುವ ಮಾತು ಒಂದೇ: ‘ಕೈ ಉಳುಕಿದೆ.’ ಎಣ್ಣೆ ತಿಕ್ಕಿ, ಬಟ್ಟೆ ಬಿಗಿದು, ಮತ್ತೆ ಕೆಲಸಕ್ಕೆ ಇಳಿಯುತ್ತಾರೆ. ತಿಂಗಳಾದರೂ ಬಿಡದ ಇಂಥ ನೋವು ಎಷ್ಟೋ ಸಲ ಉಳುಕೇ ಅಲ್ಲ.

ವೈದ್ಯರೂ ಒಂದು ಕಾಲಕ್ಕೆ ಹಾಗೆಯೇ ತಿಳಿದಿದ್ದರು. 1893ರ ‘ಗ್ರೇಸ್ ಅನಾಟಮಿ’ ಎಂಬ ಅಂಗರಚನೆಯ ಪಠ್ಯಪುಸ್ತಕ ಇದನ್ನು ಬಟ್ಟೆ ಒಗೆಯುವ ಹೆಂಗಸರ ಉಳುಕೆಂದು ಬರೆಯಿತು. 1895ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಸ್ ಡಿ ಕ್ವೆರ್ವೇನ್ 5 ರೋಗಿಗಳ ವಿವರ ಪ್ರಕಟಿಸಿ ನೋವಿನ ಮೂಲ ತೋರಿಸಿದರು. ಹೆಬ್ಬೆರಳನ್ನು ಹೊರಕ್ಕೆ ಚಾಚುವ ಎರಡು ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿಗಳು) ಮಣಿಕಟ್ಟಿನ ಮೂಳೆಯ ಮೇಲೆ ಇಕ್ಕಟ್ಟಾದ ಒರೆಯೊಂದರಲ್ಲಿ ಹಾಯುತ್ತವೆ. ಒರೆ ದಪ್ಪಗಾದರೆ ಅವಕ್ಕೆ ಜಾರಲು ಜಾಗವಿಲ್ಲ. ಹೆಬ್ಬೆರಳನ್ನು ಹಿಡಿದು ಕೈಯನ್ನು ಕಿರುಬೆರಳ ಕಡೆಗೆ ಬಾಗಿಸಿ, ನೋಯುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು 1930ರಲ್ಲಿ ಅಮೆರಿಕದ ಹ್ಯಾರಿ ಫಿಂಕೆಲ್‌ಸ್ಟೀನ್ ವಿವರಿಸಿದರು. ಅದು ಇವತ್ತಿಗೂ ಬಳಕೆಯಲ್ಲಿದೆ.

ಈ ಇಕ್ಕಟ್ಟನ್ನು ಬಿಡಿಸುವ ‘ಆಪರೇಶನ್’ ಎಂದರೆ ನಮ್ಮವರು ಹೆದರುವುದು ನರ ಕತ್ತರಿಸುತ್ತಾರೆಂದು. ಕತ್ತರಿಸುವುದು ನರವನ್ನೂ ಅಲ್ಲ, ರಜ್ಜುವನ್ನೂ ಅಲ್ಲ, ಒರೆಯನ್ನು. ಕೈಯಷ್ಟನ್ನೇ ಮರಗಟ್ಟಿಸಿ, ಸಣ್ಣ ಗಾಯದ ಮೂಲಕ ಒರೆಯನ್ನು ಸೀಳುತ್ತಾರೆ. ಆದರೆ ಸಣ್ಣ ಶಸ್ತ್ರಕ್ರಿಯೆಯೆಂದು ಯಾರೂ ಹಗುರಾಗಿ ಎಣಿಸಬಾರದು. ಕೆಲವರ ಒರೆಯೊಳಗೆ ಇನ್ನೊಂದು ಅಡ್ಡಗೋಡೆಯಿರುತ್ತದೆ. ಅದನ್ನು ಗುರುತಿಸದೆ ಬಿಟ್ಟರೆ ನೋವು ಉಳಿಯುತ್ತದೆ. ಪಕ್ಕದಲ್ಲೇ ಚರ್ಮಕ್ಕೆ ಸ್ಪರ್ಶಜ್ಞಾನ ಕೊಡುವ ನರದ ಕವಲಿದೆ. ಅದಕ್ಕೆ ಪೆಟ್ಟಾದರೆ ಹೆಬ್ಬೆರಳ ಹಿಂಭಾಗ ಜೋಮು ಹಿಡಿಯುತ್ತದೆ. ಆದ್ದರಿಂದಲೇ ಮೊದಲು ಕೈಗೆ ವಿಶ್ರಾಂತಿ, ಪಟ್ಟಿ, ಸ್ಟಿರಾಯ್ಡ್ ಚುಚ್ಚುಮದ್ದು. ಹೆಚ್ಚಿನವರಿಗೆ ಇಷ್ಟರಲ್ಲೇ ಗುಣವಾಗುತ್ತದೆ. ಎಷ್ಟೋ ಬಾಣಂತಿಯರ ನೋವು ಕೆಲವು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ರಜೆಯಿಲ್ಲದ ಹೋಟೆಲ್ ಕಾರ್ಮಿಕರಿಗೆ ಆ ವಿಶ್ರಾಂತಿಯೇ ದುಬಾರಿ, ಮಾಲೀಕರು ಅದನ್ನು ಕೊಡಲೇಬೇಕು.

ಚೂರಿಯ ಪೆಟ್ಟಿನ ಕಥೆ ಬೇರೆ. ಬೆರಳ ಬುಡದಿಂದ ನಡುಗಂಟಿನವರೆಗಿನ ಜಾಗದಲ್ಲಿ ಬೆರಳು ಮಡಚುವ ರಜ್ಜು ತುಂಡಾದರೆ ಕೂಡಲೇ ಹೊಲಿಯಬಾರದೆಂದು ಅಮೆರಿಕದ ಶಸ್ತ್ರವೈದ್ಯ ಸ್ಟರ್ಲಿಂಗ್ ಬನ್ನೆಲ್ ಎಚ್ಚರಿಸಿದ್ದರು. ಹೊಲಿದ ರಜ್ಜು ಸುತ್ತಲಿನ ಒರೆಗೆ ಅಂಟಿಕೊಂಡು ಬೆರಳು ಸೆಟೆದು ನಿಲ್ಲುತ್ತಿತ್ತು. 1960ರ ದಶಕದಲ್ಲಿ ಹೆರಾಲ್ಡ್ ಕ್ಲೈನರ್ಟ್ ಮತ್ತು ಸಂಗಡಿಗರು ಕೂಡಲೇ ಹೊಲಿದು, ಬೇಗನೆ ಹಿತಮಿತವಾಗಿ ಅಲ್ಲಾಡಿಸಿದರೆ ಫಲವುಂಟೆಂದು ತೋರಿಸಿಕೊಟ್ಟರು. ಹಾಗಾಗಿ ತರಕಾರಿ ಹೆಚ್ಚುವಾಗ ಪೆಟ್ಟಾಗಿ ಬೆರಳು ಮಡಚಲು ಬಾರದಿದ್ದರೆ, ಚರ್ಮಕ್ಕೆ ಹೊಲಿಗೆ ಬಿದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಳಗಿನ ರಜ್ಜು ತುಂಡಾಗಿದೆಯೇ ಎಂದು ಅದೇ ದಿನ ಕೈಯ ಶಸ್ತ್ರವೈದ್ಯರಿಗೆ ತೋರಿಸಬೇಕು.