ಓದುಗರ ಪ್ರಶ್ನೆ: ಕಾರ್ಯಕ್ರಮ ರದ್ದು ಮಾಡಿದರೆ ಉಗ್ರರು ಗೆದ್ದ ಹಾಗೆ ಆಗಲ್ವಾ?

ಪ್ರಶ್ನೆ: ಯುದ್ಧ ನಡೆಯುತ್ತಿದೆ, ಉಗ್ರರ ದಾಳಿ ಆಗಬಹುದು ಅಂತ ಎಚ್ಚರಿಕೆ ಬೇರೆ ಇದೆ. ಇಂಥ ಹೊತ್ತಿನಲ್ಲಿ ಪ್ರಶಸ್ತಿ ಸಮಾರಂಭ, ಸಂಗೀತ ಕಾರ್ಯಕ್ರಮ, ದೊಡ್ಡ ಪಂದ್ಯಗಳನ್ನು ನಡೆಸುವುದು ಸರಿಯಾ? ಬಿಟ್ಟರೆ ಉಗ್ರರು ಗೆದ್ದ ಹಾಗೆ ಅಲ್ವಾ?

ಉತ್ತರ: ಮತ್ತೆ ಬಂತು ಇದೇ ಪ್ರಶ್ನೆ. ಜಗತ್ತಿನ ಯಾವ ಮೂಲೆಯಲ್ಲಿ ಬಾಂಬ್ ಸಿಡಿದರೂ ಮರುದಿನ ತಪ್ಪದೆ ಬರುತ್ತದೆ, ಅದೂ ಹೆಚ್ಚುಕಮ್ಮಿ ಇದೇ ಮಾತುಗಳಲ್ಲಿ. ಅವಸರ ಇರುವವರಿಗೆ ಚಿಕ್ಕ ಉತ್ತರ ಮೊದಲೇ ಕೊಟ್ಟುಬಿಡುತ್ತೇನೆ. ಕೆಲವು ಸಲ ನಡೆಸಬೇಕು, ಕೆಲವು ಸಲ ಬಿಡಬೇಕು. ಯಾವಾಗ ಯಾವುದು ಅಂತ ತೀರ್ಮಾನಿಸುವುದು ಧೈರ್ಯದಿಂದ ಅಲ್ಲ, ಮೂರು ಪ್ರಶ್ನೆಗಳಿಂದ. ಬಂದಿರುವ ಸುಳಿವು ಇದೇ ಕಾರ್ಯಕ್ರಮದ ಬಗ್ಗೆಯಾ ಅಥವಾ ಸುಮ್ಮನೆ ಎಲ್ಲರಿಗೂ ಕೊಟ್ಟ ಎಚ್ಚರಿಕೆಯಾ? ಬಂದೋಬಸ್ತಿಗೆ ಪೊಲೀಸರು ಸಿಗುತ್ತಾರಾ, ಅಥವಾ ಅವತ್ತು ಅವರು ಇನ್ನೆಲ್ಲೋ ಇರಬೇಕಾ? ಏನಾದರೂ ಆದರೆ ಒಳಗಿರುವ ಜನ ಯಾವ ಬಾಗಿಲಿನಿಂದ ಎಲ್ಲಿಗೆ ಹೋಗುತ್ತಾರೆ? ಈ ಮೂರಕ್ಕೆ ಸಮಾಧಾನ ಕೊಡುವ ಉತ್ತರ ಇದ್ದರೆ ನಡೆಸಿ. ಇಲ್ಲದಿದ್ದರೆ ಬಿಡಿ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಪ್ರಶ್ನೆಯ ಬಾಲದಲ್ಲಿ ಒಂದು ಮಾತು ಇದೆಯಲ್ಲ, "ರದ್ದು ಮಾಡಿದರೆ ಉಗ್ರರು ಗೆದ್ದ ಹಾಗೆ" ಅಂತ, ಅದನ್ನು ಹಾಗೇ ಬಿಡಲು ಮನಸ್ಸಿಲ್ಲ. ಕೇಳಲು ಚೆನ್ನಾಗಿದೆ, ಚಪ್ಪಾಳೆಯೂ ಬೀಳುತ್ತದೆ. ಆದರೆ ಇದನ್ನು ಜೋರಾಗಿ ಹೇಳುವವರು ಸಾಮಾನ್ಯವಾಗಿ ಅವತ್ತಿನ ಗೇಟಿನಲ್ಲಿ ನಿಂತು ಬ್ಯಾಗ್ ತಪಾಸಣೆ ಮಾಡಬೇಕಾದವರಲ್ಲ.

ಹಳೆಯದರಿಂದಲೇ ಶುರು ಮಾಡೋಣ. 1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಅವತ್ತೇ ಸರ್ಕಾರ ದೇಶದ ಎಲ್ಲ ಸಿನಿಮಾ ಮಂದಿರ, ನಾಟಕ ಶಾಲೆಗಳನ್ನು ಮುಚ್ಚಿಸಿತು. ಒಂದು ಬಾಂಬ್ ಬಿದ್ದರೆ ನೂರಾರು ಜನ ಒಟ್ಟಿಗೆ ಸಾಯುತ್ತಾರೆ ಅನ್ನೋ ಭಯ. ನಾಟಕಕಾರ ಬರ್ನಾರ್ಡ್ ಶಾ ಇದು ಶುದ್ಧ ಮೂರ್ಖತನ ಅಂತ ಪತ್ರಿಕೆಗೆ ಬರೆದು ಜಗಳ ತೆಗೆದರು. ಎರಡು ವಾರದೊಳಗೆ ಒಂದೊಂದಾಗಿ ಬಾಗಿಲು ತೆರೆಯತೊಡಗಿದವು. ಈಗ ಹೇಳಿ, ಆ ಎರಡು ವಾರ ಹಿಟ್ಲರ್ ಗೆದ್ದಿದ್ದನಾ? ಮುಚ್ಚಿದರು, ನೋಡಿದರು, ತೆರೆದರು. ಅಷ್ಟೇ ನಡೆದದ್ದು.

2001ಕ್ಕೆ ಬನ್ನಿ. ಅಮೆರಿಕದ ಟಿವಿ ಲೋಕದ ದೊಡ್ಡ ಪ್ರಶಸ್ತಿ ಎಮ್ಮಿ. ಆ ವರ್ಷದ ಸಮಾರಂಭ ಸೆಪ್ಟೆಂಬರ್ 16ಕ್ಕೆ ನಿಗದಿಯಾಗಿತ್ತು. ಐದು ದಿನ ಮೊದಲು ಅವಳಿ ಗೋಪುರ ಬಿದ್ದವು. ಅಕ್ಟೋಬರ್ 7ಕ್ಕೆ ಮುಂದೂಡಿದರು. ಸರಿಯಾಗಿ ಅವತ್ತೇ ಅಮೆರಿಕ ಅಫ್ಘಾನಿಸ್ತಾನದ ಮೇಲೆ ಬಾಂಬ್ ಹಾಕಲು ಶುರು ಮಾಡಿತು. ಸಮಾರಂಭಕ್ಕೆ ಇನ್ನು ಕೆಲವೇ ಗಂಟೆ ಇದ್ದಾಗ ಮತ್ತೆ ನಿಲ್ಲಿಸಿದರು. ಕೊನೆಗೆ ನವೆಂಬರ್ 4ರಂದು, ಮೊದಲಿಗಿಂತ ಚಿಕ್ಕ ಸಭಾಂಗಣದಲ್ಲಿ, ಝಗಮಗ ಉಡುಪು ಬೇಡ ಅಂತ ಹೇಳಿ ನಡೆಸಿದರು. ಹಾಸ್ಯ ಕಲಾವಿದೆ ಎಲೆನ್ ಡಿಜೆನೆರಸ್ ನಿರೂಪಣೆ ಮಾಡಿದರು, ಜನ ನಕ್ಕರು. ಎರಡು ಸಲ ಹಿಂದೆ ಸರಿದದ್ದಕ್ಕೆ ಇವತ್ತು ಯಾರೂ ಅವರನ್ನು ಹೇಡಿಗಳು ಅನ್ನುವುದಿಲ್ಲ.

ಇನ್ನೂ ಒಪ್ಪಿಗೆ ಆಗಲಿಲ್ಲ ಅಂದರೆ 2024ರ ಆಗಸ್ಟ್ ನೋಡಿ. ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಅವರ ಮೂರು ಕಾರ್ಯಕ್ರಮ ಆಸ್ಟ್ರಿಯಾದ ವಿಯೆನ್ನಾದಲ್ಲಿ ಇತ್ತು. ಹಿಂದಿನ ದಿನ ಪೊಲೀಸರು ಶಂಕಿತರನ್ನು ಹಿಡಿದರು. ಕ್ರೀಡಾಂಗಣದ ಹೊರಗೆ ಸೇರುವ ಜನರ ಮೇಲೆ ಚಾಕು ಮತ್ತು ಸ್ಫೋಟಕದಿಂದ ದಾಳಿ ಮಾಡುವ ಯೋಜನೆ ಅದು. ಜಾಗ ಗೊತ್ತು, ದಿನ ಗೊತ್ತು. ಆಯೋಜಕರು ಮೂರನ್ನೂ ರದ್ದು ಮಾಡಿದರು. ಟಿಕೆಟ್ ಹಿಡಿದು ಊರೂರಿಂದ ಬಂದಿದ್ದ ಹುಡುಗಿಯರು ವಿಯೆನ್ನಾದ ಬೀದಿಯಲ್ಲೇ ನಿಂತು ಹಾಡಿದರು, ಕೈಯಲ್ಲಿದ್ದ ಮಣಿಯ ಬಳೆಗಳನ್ನು ಒಬ್ಬರಿಗೊಬ್ಬರು ಹಂಚಿಕೊಂಡರು. ಅದರ ಮುಂದಿನ ವಾರ ಅದೇ ಗಾಯಕಿ ಲಂಡನ್ನಿನ ವೆಂಬ್ಲಿಯಲ್ಲಿ ಹಾಡಿದರು, ತುಂಬಿದ ಕ್ರೀಡಾಂಗಣದಲ್ಲಿ. ಅಲ್ಲಿ ಟಿಕೆಟ್ ಇಲ್ಲದವರು ಹೊರಗೆ ಗುಂಪು ಸೇರಬಾರದು ಅಂತ ನಿಯಮ ಬಿಗಿ ಮಾಡಿದ್ದರು. ಒಂದೇ ಪ್ರವಾಸ, ಒಂದು ವಾರದ ಅಂತರ, ಎರಡು ಬೇರೆ ತೀರ್ಮಾನ. ಎರಡೂ ಸರಿ. "ಗೆದ್ದ ಹಾಗೆ" ಲೆಕ್ಕದಲ್ಲಿ ಇದನ್ನು ಹೇಗೆ ಕೂಡಿಸುತ್ತೀರಿ? ವಿಯೆನ್ನಾದಲ್ಲಿ ಉಗ್ರರಿಗೆ ಒಂದು ಅಂಕ, ಲಂಡನ್ನಿನಲ್ಲಿ ನಮಗೊಂದು, ಪಂದ್ಯ ಸಮ ಅಂತಲಾ?

ಇದೇ ಮಾತಿನ ಇನ್ನೊಂದು ಮುಖ ಇನ್ನೂ ಅಪಾಯದ್ದು. ಎಚ್ಚರಿಕೆಗೆ ತಲೆಬಾಗುವುದೇ ಸೋಲು ಅಂತ ತಿಳಿದವರು ಎಚ್ಚರಿಕೆ ಕೊಟ್ಟವರನ್ನೇ ಶತ್ರು ಮಾಡಿಕೊಳ್ಳುತ್ತಾರೆ. 2024ರ ಮಾರ್ಚ್ 7ರಂದು ಮಾಸ್ಕೋದ ಅಮೆರಿಕ ರಾಯಭಾರ ಕಚೇರಿ ತನ್ನ ನಾಗರಿಕರಿಗೆ, ಮುಂದಿನ 48 ಗಂಟೆ ಸಂಗೀತ ಕಾರ್ಯಕ್ರಮದಂಥ ಗುಂಪಿನ ಕಡೆ ಹೋಗಬೇಡಿ ಅಂತ ಹೇಳಿತು. ಇದು ಬೆದರಿಸುವ ತಂತ್ರ ಅಂತ 19ರಂದು ಪುಟಿನ್ ತಳ್ಳಿಹಾಕಿದರು. 22ರಂದು ಮಾಸ್ಕೋ ಪಕ್ಕದ ಕ್ರೋಕಸ್ ಸಿಟಿ ಹಾಲ್‌ನಲ್ಲಿ, ಹಾಡು ಶುರುವಾಗುವ ಸ್ವಲ್ಪ ಮೊದಲು, ಬಂದೂಕುಧಾರಿಗಳು ನುಗ್ಗಿದರು. 140ಕ್ಕಿಂತ ಜಾಸ್ತಿ ಜನ ಸತ್ತರು. ಆ 48 ಗಂಟೆ ಮುಗಿದು ಬಹಳ ದಿನ ಆಗಿತ್ತು, ನಿಜ. ಅವತ್ತೇ ರದ್ದು ಮಾಡಬೇಕಿತ್ತು ಅಂತ ಈಗ ಕೂತು ಹೇಳುವುದು ಸುಲಭ. ಆದರೆ ಸುಳಿವು ಬಂದಾಗ ಅದನ್ನು ಮಾನ-ಮರ್ಯಾದೆಯ ಪ್ರಶ್ನೆ ಮಾಡಿಕೊಂಡರೆ ಕಾವಲು ಸಡಿಲವಾಗುತ್ತದೆ ಅನ್ನುವುದಂತೂ ಖಂಡಿತ.

"ಹಾಗಾದರೆ ಪ್ಯಾರಿಸ್‌ನಲ್ಲಿ ಪಂದ್ಯ ನಿಲ್ಲಿಸಲಿಲ್ಲವಲ್ಲ, ಅದು ಧೈರ್ಯ ಅಲ್ವಾ?" ಅಂತ ಕೇಳುವವರಿದ್ದಾರೆ. ಕೇಳಿ, ಇದು ನನ್ನ ಮೆಚ್ಚಿನ ಉದಾಹರಣೆ, ಆದರೆ ನೀವು ಅಂದುಕೊಂಡ ಕಾರಣಕ್ಕಲ್ಲ. 2015ರ ನವೆಂಬರ್ 13, ಸ್ಟಾಡ್ ಡಿ ಫ್ರಾನ್ಸ್ ಕ್ರೀಡಾಂಗಣ, ಫ್ರಾನ್ಸ್ ಮತ್ತು ಜರ್ಮನಿ ಫುಟ್‌ಬಾಲ್ ಪಂದ್ಯ. ಮೊದಲಾರ್ಧದಲ್ಲೇ ಹೊರಗೆ ಢಂ ಅಂತ ಸದ್ದು. ಜನ ಪಟಾಕಿ ಅಂದುಕೊಂಡು ಕೂಗಿದರು. ಮತ್ತೊಂದು ಸದ್ದು. ಆತ್ಮಾಹುತಿ ದಾಳಿಕೋರರು ಕ್ರೀಡಾಂಗಣದ ಹೊರಗೆ ಸಿಡಿಸಿಕೊಂಡಿದ್ದರು. ಪಂದ್ಯ ನೋಡಲು ಬಂದಿದ್ದ ಫ್ರಾನ್ಸ್ ಅಧ್ಯಕ್ಷ ಒಲಾಂದ್ ಅವರನ್ನು ಸದ್ದಿಲ್ಲದೆ ಹೊರಗೆ ಕರೆದುಕೊಂಡು ಹೋದರು. ಪಂದ್ಯ ಮಾತ್ರ ನಡೆಯಿತು, ಫ್ರಾನ್ಸ್ 2-0ಯಿಂದ ಗೆದ್ದಿತು. ಯಾಕೆ ನಡೆಸಿದರು? ಅಪಾಯ ಹೊರಗಿತ್ತು. ಸುಮಾರು 80,000 ಜನರನ್ನು ಆ ಹೊತ್ತಿನಲ್ಲಿ ಬೀದಿಗೆ ಬಿಡುವುದು ಅಂದರೆ ದಾಳಿಕೋರರ ಮುಂದೆ ತಂದು ನಿಲ್ಲಿಸಿದ ಹಾಗೆ, ಮೇಲಾಗಿ ಕಾಲ್ತುಳಿತ. ಆಟ ಮುಗಿದ ಮೇಲೂ ಎಷ್ಟೋ ಜನ ಹೊರಗೆ ಹೋಗದೆ ಮೈದಾನದ ಹುಲ್ಲಿನ ಮೇಲೆ ಬಂದು ಫೋನ್ ನೋಡುತ್ತಾ ನಿಂತಿದ್ದರು. ಅದೇ ರಾತ್ರಿ ಬಟಾಕ್ಲಾನ್ ಸಭಾಂಗಣದಲ್ಲಿ 90 ಜನ ಸತ್ತರು. ನಾಲ್ಕು ದಿನದ ನಂತರ ಹ್ಯಾನೋವರ್‌ನಲ್ಲಿ ಜರ್ಮನಿಯದ್ದೇ ಇನ್ನೊಂದು ಪಂದ್ಯ. ಅದನ್ನು ಶುರುವಾಗುವ ಮೊದಲೇ ರದ್ದು ಮಾಡಿ ಜನರನ್ನು ವಾಪಸ್ ಕಳಿಸಿದರು. ಪ್ಯಾರಿಸ್‌ನಲ್ಲಿ ಜನ ಆಗಲೇ ಒಳಗಿದ್ದರು. ಹ್ಯಾನೋವರ್‌ನಲ್ಲಿ ಇನ್ನೂ ಒಳಗೆ ಬರುತ್ತಿದ್ದರಷ್ಟೆ. ವ್ಯತ್ಯಾಸ ಇರುವುದು ಅಲ್ಲಿ.

ಉಗ್ರರಿಗೆ ಬೇಕಾದದ್ದು ಹೆಣ ಮತ್ತು ಹೆದರಿಕೆ. ಖಾಲಿ ಕ್ರೀಡಾಂಗಣದಲ್ಲಿ ಹೆಣ ಸಿಗುವುದಿಲ್ಲ. ಹೆದರಿಕೆ ಮಾತ್ರ ಕಾರ್ಯಕ್ರಮ ನಡೆದರೂ ಸಿಗಬಹುದು. 2017ರ ಜೂನ್ 3ರಂದು ಇಟಲಿಯ ಟ್ಯೂರಿನ್‌ನಲ್ಲಿ ಸಾವಿರಾರು ಜನ ಚೌಕದಲ್ಲಿ ಸೇರಿ ದೊಡ್ಡ ಪರದೆಯ ಮೇಲೆ ಚಾಂಪಿಯನ್ಸ್ ಲೀಗ್ ಫೈನಲ್ ನೋಡುತ್ತಿದ್ದರು. ಕಳ್ಳರ ಗುಂಪೊಂದು ಖಾರದ ಸ್ಪ್ರೇ ಹೊಡೆಯಿತು, ಅಷ್ಟೇ. ಯೂರೋಪಿನಲ್ಲಿ ದಾಳಿಗಳು ನಡೆಯುತ್ತಿದ್ದ ಕಾಲ. ಬಾಂಬ್ ಅಂದುಕೊಂಡು ಜನ ಓಡಿದರು. ನೆಲದ ತುಂಬ ಒಡೆದ ಗಾಜಿನ ಬಾಟಲಿ, ಬಿದ್ದವರ ಮೇಲೆ ಬಿದ್ದವರು. 1,500ಕ್ಕೂ ಜಾಸ್ತಿ ಜನಕ್ಕೆ ಗಾಯ, ಸಾವೂ ಆಯಿತು. ಬಾಂಬೇ ಇರಲಿಲ್ಲ. ಆದ್ದರಿಂದ "ನಡೆಸಿಯೇ ತೀರುತ್ತೇವೆ" ಅನ್ನುವವರನ್ನು ನಾನು ಕೇಳುವುದು ಇಷ್ಟೇ: ಹೊರಗೆ ಹೋಗುವ ದಾರಿ ಎಷ್ಟು ಅಗಲ ಇದೆ? ಗಾಜಿನ ಬಾಟಲಿ ಒಳಗೆ ಬಿಡುತ್ತೀರಾ? ಗಾಬರಿಯಾದ ಜನರಿಗೆ ದಾರಿ ಹೇಳುವ ಮೈಕ್ ಯಾರ ಕೈಯಲ್ಲಿರುತ್ತದೆ?

ಎರಡನೇ ಆಕ್ಷೇಪ "ಸೈನಿಕರು ಸಾಯುತ್ತಿರುವಾಗ ಹಾಡು-ಕುಣಿತ ಅವಮಾನ" ಅನ್ನುವುದು. ಇದಕ್ಕೆ ಜಾಸ್ತಿ ಜಾಗ ಕೊಡುವುದಿಲ್ಲ. ಸೈನಿಕರಿಗೇ ಮನರಂಜನೆ ಬೇಕು ಅಂತ ಅಮೆರಿಕ 1941ರಲ್ಲಿ ಯುಎಸ್ಒ ಅನ್ನುವ ಸಂಸ್ಥೆಯನ್ನೇ ಕಟ್ಟಿತು. ಲಂಡನ್ನಿನಲ್ಲಿ ಪಿಯಾನೋ ವಾದಕಿ ಮೈರಾ ಹೆಸ್, ಚಿತ್ರಗಳನ್ನೆಲ್ಲ ಸುರಕ್ಷಿತ ಜಾಗಕ್ಕೆ ಸಾಗಿಸಿ ಖಾಲಿಯಾಗಿದ್ದ ನ್ಯಾಷನಲ್ ಗ್ಯಾಲರಿಯಲ್ಲಿ 1939ರ ಅಕ್ಟೋಬರ್‌ನಿಂದ ಮಧ್ಯಾಹ್ನದ ಸಂಗೀತ ಕಛೇರಿ ಶುರು ಮಾಡಿದರು. ಒಂದು ಶಿಲ್ಲಿಂಗ್ ಟಿಕೆಟ್. ರಾತ್ರಿ ದೀಪ ಹಚ್ಚುವಂತಿರಲಿಲ್ಲ, ಅದಕ್ಕೇ ಮಧ್ಯಾಹ್ನ. ಬಾಂಬ್ ಬೀಳುವುದು ಜಾಸ್ತಿಯಾದಾಗ ನೆಲಮಾಳಿಗೆಗೆ ಇಳಿದರು. ಆಸ್ಕರ್ ಕೂಡ ಆ ಯುದ್ಧದಲ್ಲಿ ನಿಲ್ಲಲಿಲ್ಲ. ಲೋಹದ ಕೊರತೆಯಿಂದ ಮೂರು ವರ್ಷ ಪ್ಲಾಸ್ಟರಿನ ಗೊಂಬೆ ಕೊಟ್ಟು, ಯುದ್ಧ ಮುಗಿದ ಮೇಲೆ ಬದಲಾಯಿಸಿಕೊಟ್ಟರು. 2003ರಲ್ಲಿ ಇರಾಕ್ ಯುದ್ಧ ಶುರುವಾಗಿ ಮೂರು ದಿನಕ್ಕೆ ಆಸ್ಕರ್ ನಡೆಯಿತು. ಕೆಂಪು ಹಾಸಿನ ಆಡಂಬರವನ್ನಷ್ಟೇ ಕತ್ತರಿಸಿದರು. ಯುದ್ಧದ ವಿರುದ್ಧ ಮಾತನಾಡಿದ ಸಾಕ್ಷ್ಯಚಿತ್ರ ನಿರ್ದೇಶಕ ಮೈಕಲ್ ಮೂರ್‌ಗೆ ಸಭೆಯಲ್ಲೇ ಒಂದಷ್ಟು ಜನ ಕೂಗು ಹಾಕಿದರು. ಅವಮಾನವೋ ಗೌರವವೋ, ಸಭಿಕರಲ್ಲೇ ಒಮ್ಮತ ಇರಲಿಲ್ಲ.

ಹೇಗೆ ನಡೆಸಬೇಕು ಅಂತ ಕಲಿಯಬೇಕಾದರೆ ಉಕ್ರೇನಿನ ಒಡೆಸಾ ಒಪೆರಾ ಮಂದಿರ ನೋಡಿ. ರಷ್ಯಾದ ದಾಳಿ ಶುರುವಾದಾಗ ಮುಚ್ಚಿತ್ತು. 2022ರ ಜೂನ್‌ನಲ್ಲಿ ಮತ್ತೆ ತೆರೆಯಿತು. ಸಭಾಂಗಣದಲ್ಲಿ ಕುರ್ಚಿ ಎಷ್ಟಿವೆ ಅಂತ ನೋಡಿ ಟಿಕೆಟ್ ಮಾರಲಿಲ್ಲ. ಕೆಳಗಿನ ಬಾಂಬ್ ಆಶ್ರಯದಲ್ಲಿ ಎಷ್ಟು ಜನ ಹಿಡಿಸುತ್ತಾರೋ ಅಷ್ಟೇ ಟಿಕೆಟ್. ಸೈರನ್ ಕೂಗಿದರೆ ಹಾಡು ನಿಲ್ಲುತ್ತದೆ, ಎಲ್ಲರೂ ಕೆಳಗೆ. ನಾನು ಮೊದಲು ಕೇಳಿದ ಮೂರನೇ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ನಿಲ್ಲಿಸುವುದು ಹೇಗೆ ಅಂತ ಕೇಳಿದರೆ 2025ರ ಐಪಿಎಲ್ ನೋಡಿ, ಭಾರತ-ಪಾಕಿಸ್ತಾನ ಸಂಘರ್ಷದ ಹೊತ್ತು. ಮೇ 8ರ ರಾತ್ರಿ ಧರ್ಮಶಾಲಾದಲ್ಲಿ ಪಂಜಾಬ್-ದೆಹಲಿ ಪಂದ್ಯ ಹನ್ನೊಂದನೇ ಓವರಿನಲ್ಲಿತ್ತು. ಲೈಟ್ ಆಫ್ ಆಯಿತು. ತಾಂತ್ರಿಕ ತೊಂದರೆ ಅಂತ ಮೊದಲು ಹೇಳಿ ಜನರನ್ನು ಹೊರಗೆ ಕಳಿಸಿದರು. ಹತ್ತಿರದ ಗಡಿ ಊರುಗಳಲ್ಲಿ ಕತ್ತಲೆ, ಆ ಭಾಗದ ವಿಮಾನ ನಿಲ್ದಾಣಗಳು ಬಂದ್. ಆಟಗಾರರನ್ನು ರಸ್ತೆಯಲ್ಲಿ ಕರೆತಂದು, ಆಮೇಲೆ ವಿಶೇಷ ವಂದೇ ಭಾರತ್ ರೈಲಿನಲ್ಲಿ ದೆಹಲಿಗೆ ಕಳಿಸಿದರು. 9ರಂದು ಇಡೀ ಟೂರ್ನಿ ಒಂದು ವಾರ ನಿಂತಿತು. 10ರಂದು ಕದನ ವಿರಾಮ, 17ರಿಂದ ಮತ್ತೆ ಆಟ, ಜೂನ್ 3ಕ್ಕೆ ಫೈನಲ್. ಟೂರ್ನಿ ನಿಲ್ಲಿಸಿದ್ದರಿಂದ ಯಾರೂ ಗೆಲ್ಲಲಿಲ್ಲ, ಸೋಲಲಿಲ್ಲ. ಕ್ಯಾಲೆಂಡರ್ ಒಂದಷ್ಟು ಮುಂದೆ ಹೋಯಿತು.

ಇನ್ನು ಯಾರೂ ಸರಿಯಾಗಿ ಕೇಳದ, ಆದರೆ ನನಗೆ ಹೇಳಲೇಬೇಕು ಅನ್ನಿಸುವ ವಿಷಯ: ದುಡ್ಡು. ತೀರ್ಮಾನ ಮಾಡುವ ಕೋಣೆಯಲ್ಲಿ ಪೊಲೀಸ್ ಅಧಿಕಾರಿಯ ಪಕ್ಕದಲ್ಲೇ ಇನ್ಶೂರೆನ್ಸ್ ಕಂಪನಿಯೂ ಕೂತಿರುತ್ತದೆ, ಕಾಣಿಸುವುದಿಲ್ಲ ಅಷ್ಟೇ. 2001ರ ದಾಳಿಯ ಮರುತಿಂಗಳು ಆಕ್ಸಾ ಕಂಪನಿ 2002ರ ಫುಟ್‌ಬಾಲ್ ವಿಶ್ವಕಪ್‌ಗೆ ಕೊಟ್ಟಿದ್ದ ವಿಮೆಯನ್ನು ವಾಪಸ್ ತೆಗೆದುಕೊಂಡಿತು. ವಿಶ್ವಕಪ್ ನಡೆಸುವ ಫಿಫಾ ಓಡಾಡಿ ಅಮೆರಿಕದ ಹೂಡಿಕೆದಾರ ವಾರೆನ್ ಬಫೆಟ್ ಅವರ ಸಮೂಹದ ಕಂಪನಿಯೊಂದರಿಂದ ಹೊಸ ವಿಮೆ ಮಾಡಿಸಿಕೊಳ್ಳಬೇಕಾಯಿತು. ವಿಮೆ ಇಲ್ಲದಿದ್ದರೆ ಕ್ರೀಡಾಂಗಣ ಸಿಗುವುದಿಲ್ಲ, ಪ್ರಾಯೋಜಕರೂ ಬರುವುದಿಲ್ಲ.

ಸಾಮಾನ್ಯ ವಿಮೆಯಲ್ಲಿ ಯುದ್ಧದ ನಷ್ಟ ಸೇರಿರುವುದಿಲ್ಲ. ಉಗ್ರರ ದಾಳಿಗೆ ಬೇರೆ ಪ್ರೀಮಿಯಂ ಕಟ್ಟಬೇಕು, ಬರೀ ಬೆದರಿಕೆಗೆ ರದ್ದಾದರೆ ಸಿಗುವಂತೆ ಮಾಡಲು ಇನ್ನೂ ಬೇರೆ. ಎಷ್ಟು ದೂರದ ಒಳಗೆ, ಎಷ್ಟು ದಿನದ ಒಳಗೆ ಘಟನೆ ಆಗಿರಬೇಕು ಅಂತ ಅಳತೆಯೂ ಹಾಕಿರುತ್ತಾರೆ. "ಜನ ಹೆದರಿ ಟಿಕೆಟ್ ಕೊಳ್ಳಲಿಲ್ಲ" ಅಂದರೆ ಬಿಡಿಗಾಸೂ ಇಲ್ಲ. ಅದಕ್ಕೇ ಆಯೋಜಕರು ತಾವಾಗಿಯೇ ರದ್ದು ಮಾಡಲು ಹಿಂದೆಮುಂದೆ ನೋಡುತ್ತಾರೆ, ಸರ್ಕಾರದಿಂದ ಆದೇಶವೋ ದೃಢೀಕರಣವೋ ಬರಲಿ ಅಂತ ಕಾಯುತ್ತಾರೆ. ವಿಯೆನ್ನಾದ ಪ್ರಕಟಣೆ ನೋಡಿ, ದಾಳಿಯ ಯೋಜನೆಯನ್ನು ಸರ್ಕಾರಿ ಅಧಿಕಾರಿಗಳೇ ಖಚಿತಪಡಿಸಿದ್ದಾರೆ ಅನ್ನುವುದು ಮೊದಲ ಸಾಲಿನಲ್ಲೇ ಇತ್ತು. ಅದರಲ್ಲಿ ಕಾಳಜಿ ಇದೆ, ಲೆಕ್ಕಾಚಾರವೂ ಇರಬಹುದು.

ಟಿಕೆಟ್ ಕೊಂಡವರ ಕಥೆ ಹೀಗೆ. ವಿಯೆನ್ನಾದಲ್ಲಿ ಟಿಕೆಟ್ ಹಣ 10 ಕೆಲಸದ ದಿನಗಳಲ್ಲಿ ತಾನಾಗಿಯೇ ವಾಪಸ್ ಅಂದರು. ವಿಮಾನ, ಹೋಟೆಲ್ ಖರ್ಚು ಅದರಲ್ಲಿ ಬರುವುದಿಲ್ಲ. ರದ್ದಾಗದೆ ಮುಂದೆ ಹೋದರೆ ಸಾಮಾನ್ಯವಾಗಿ ಹಳೆ ಟಿಕೆಟೇ ಹೊಸ ದಿನಕ್ಕೆ ನಡೆಯುತ್ತದೆ. ವಾಪಸ್ ಬೇಕಾದವರಿಗೆ ಒಂದು ಕೊನೆ ದಿನಾಂಕ ಇಡುತ್ತಾರೆ, ಅದು ದಾಟಿದರೆ ಕೇಳುವ ಹಾಗಿಲ್ಲ. ಕಾರ್ಯಕ್ರಮ ನಡೆಯುತ್ತಿದ್ದು, ನೀವು ಹೆದರಿ ಮನೆಯಲ್ಲಿ ಉಳಿದರೆ ಮಾತ್ರ ಯಾರೂ ಹಣ ಕೊಡುವುದಿಲ್ಲ. ಹಾಗಂತ ಹೋಗಲೇಬೇಕು ಅಂತ ನಾನು ಹೇಳುತ್ತಿಲ್ಲ. ಹೋಗುವುದಾದರೆ ಒಳಗೆ ಕಾಲಿಟ್ಟ ತಕ್ಷಣ ನೀವು ಬಂದ ಬಾಗಿಲು ಬಿಟ್ಟು ಇನ್ನೊಂದು ಬಾಗಿಲು ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ. ಗಾಬರಿಯಾದಾಗ ಎಲ್ಲರೂ ಬಂದ ಬಾಗಿಲಿಗೇ ಓಡುತ್ತಾರೆ.