ಪದ ಪರಿಚಯ: ಜೈವಿಕ ಜೆಟ್ ಇಂಧನ

ವಾಯುಪಡೆಯ ಹಾಕ್ ತರಬೇತಿ ವಿಮಾನಗಳ ಸದ್ದು ತಲೆಯ ಮೇಲೆ ಹಾದುಹೋಗುವ ಬೀದರಿನಲ್ಲಿಯೇ, ‘ವಾಯುಪಡೆಯ ವಿಮಾನ ಬಯೋಡೀಸೆಲ್‌ನಿಂದ ಹಾರಿತು’ ಎಂಬ ಮಾತನ್ನು ಮೊದಲು ವಿದ್ಯಾರ್ಥಿಯೊಬ್ಬನ ಪ್ರಬಂಧದಲ್ಲಿ ಓದಿ, ಮತ್ತೆ ಅದನ್ನೇ ಒಂದು ಭಾಷಣದಲ್ಲಿ ಕೇಳಿದ ಮೇಲೆ ಈ ಪದವನ್ನು ಬಿಡಿಸಿ ಹೇಳಲೇಬೇಕೆನಿಸಿತು.

ಬಯೋಡೀಸೆಲ್ ಬೇರೆ, ಜೈವಿಕ ಜೆಟ್ ಇಂಧನ ಬೇರೆ. ಎರಡನ್ನೂ ಒಂದೆನ್ನುವ ತಪ್ಪಿನ ಬೇರು ‘ಇಂಧನ’ ಎಂಬ ಪದದಲ್ಲಿಯೇ ಇದೆ. ಸಂಸ್ಕೃತದ ‘ಇಂಧ್’ ಧಾತುವಿಗೆ ಹೊತ್ತಿಸು, ಉರಿಸು ಎಂದರ್ಥ. ಹೋಮಕ್ಕೆ ಹಾಕುವ ಸಮಿಧೆಯೂ ಅದೇ ಧಾತುವಿನಿಂದ ಬಂದದ್ದು. ಆ ಲೆಕ್ಕದಲ್ಲಿ ನಮ್ಮ ಒಲೆಗಳಲ್ಲಿ ಉರಿಯುವ ತೊಗರಿ ಕಟ್ಟಿಗೆಯೂ ಕುಳ್ಳೂ ಇಂಧನವೇ, ಜೈವಿಕವೂ ಹೌದು. ಉರಿಯುವುದೆಲ್ಲ ಇಂಧನವೆಂದು ಕೇಳಿ ಬೆಳೆದವರಿಗೆ ಹೊಂಗೆ ಎಣ್ಣೆಯನ್ನೇ ವಿಮಾನದ ಟ್ಯಾಂಕಿಗೆ ಸುರಿಯಬಹುದೆಂದು ತೋರಬಹುದು. ಆದರೆ ‘ಜೈವಿಕ’ ಎಂಬುದು ಮೂಲವನ್ನಷ್ಟೇ ಹೇಳುತ್ತದೆ. ಗುಣವನ್ನು ಹೇಳುವ ಮಾತು ‘ಜೆಟ್’.

ಜೆಟ್ ಇಂಧನವೆಂದರೆ ನಮ್ಮ ಭಾಗದವರು ಚಿಮಣಿ ಎಣ್ಣೆ ಎನ್ನುವ ಸೀಮೆಎಣ್ಣೆಯ ಬಹು ಶುದ್ಧ ರೂಪ. ಬಹು ಎತ್ತರದ ಚಳಿಯಲ್ಲಿ ಹಾರಬೇಕಾದ್ದರಿಂದ ಅದರ ಜೆಟ್ ಎ-1 ಎಂಬ ದರ್ಜೆಯದು ಮೈನಸ್ 47 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಪ್ಪುಗಟ್ಟಕೂಡದು. ಹೊಂಗೆಯಂಥ ಬೀಜದ ಎಣ್ಣೆಯನ್ನು ಮೆಥನಾಲ್ ಎಂಬ ಮದ್ಯಸಾರದ ಜೊತೆ ಸೇರಿಸಿ ತಯಾರಿಸುವ ಬಯೋಡೀಸೆಲ್‌ನ ಅಣುವಿನಲ್ಲಿ ಆಮ್ಲಜನಕ ಉಳಿದುಕೊಳ್ಳುತ್ತದೆ, ಅಷ್ಟು ಚಳಿಗೆ ಬಹಳ ಮೊದಲೇ ಅದು ಗಟ್ಟಿಯಾಗುತ್ತದೆ. ಜೈವಿಕ ಜೆಟ್ ಇಂಧನಕ್ಕಾದರೆ ಅದೇ ಎಣ್ಣೆಯನ್ನು ಹೈಡ್ರೋಜನ್‌ನೊಡನೆ ವರ್ತಿಸುವಂತೆ ಮಾಡಿ, ಆಮ್ಲಜನಕವನ್ನು ತೆಗೆದು, ಉದ್ದನೆಯ ಇಂಗಾಲದ ಸರಪಳಿಗಳನ್ನು ಮುರಿದು ಕವಲೊಡೆಸುತ್ತಾರೆ. ಎರಡನ್ನೂ ಒಂದೇ ಎನ್ನುವವರು ಇದನ್ನು ಗಮನಿಸಬೇಕು: ಜೆಟ್ ಇಂಧನದಲ್ಲಿ ಬಯೋಡೀಸೆಲ್ ಒಂದು ಕಲ್ಮಶ, ಕಿಲೋಗೆ 50 ಮಿಲಿಗ್ರಾಂ ಮೀರುವಂತಿಲ್ಲ.

2018ರ ಡಿಸೆಂಬರ್ 17ರಂದು ಚಂಡೀಗಡದಲ್ಲಿ ವಾಯುಪಡೆಯ ಎಎನ್-32 ಸಾಗಣೆ ವಿಮಾನ ಪರೀಕ್ಷಾರ್ಥವಾಗಿ ಹಾರಿದ್ದು ಇಂಥ ಇಂಧನದಿಂದ. ಛತ್ತೀಸಗಡದ ಜಟ್ರೋಫಾ (ಕಾಡು ಹರಳು) ಬೀಜದ ಎಣ್ಣೆ, ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯ ತಂತ್ರ. ಎಂಜಿನ್ನನ್ನು ಮೊದಲು ನೆಲದ ಮೇಲೆಯೇ ಓಡಿಸಿ ನೋಡಲಾಗಿತ್ತು. 2020ರ ಜನವರಿ 31ರಂದು ಗಾಳಿ ತೆಳುವಾದ, ಕೊರೆಯುವ ಚಳಿಯ ಲೇಹ್‌ನಿಂದಲೂ ಅದೇ ಮಾದರಿಯ ವಿಮಾನ ಮೇಲೇರಿತು. ಎಎನ್-32ಕ್ಕೆ ಪ್ರೊಪೆಲ್ಲರ್ ಇರುವುದರಿಂದ ‘ಜೆಟ್’ ಎನ್ನಬಾರದೆಂದು ವಾದಿಸುವವರೂ ಇದ್ದಾರೆ. ಪ್ರೊಪೆಲ್ಲರನ್ನು ತಿರುಗಿಸುವುದು ಟರ್ಬೈನ್ ಎಂಜಿನ್ನಾದ್ದರಿಂದ ಅದರ ಇಂಧನ ಇದೇ.

ಆ ಎರಡೂ ಹಾರಾಟಗಳಲ್ಲಿ ಜೈವಿಕ ಪಾಲು ಶೇಕಡಾ 10, ಉಳಿದದ್ದು ಮಾಮೂಲಿ ಜೆಟ್ ಇಂಧನ. ಬೆರಕೆಗೆ ಕಾರಣವೂ ಇದೆ: ಈ ವಿಧಾನದ ಜೈವಿಕ ಇಂಧನದಲ್ಲಿ ಆರೊಮ್ಯಾಟಿಕ್ ಸಂಯುಕ್ತಗಳು (ಇಂಗಾಲದ ಪರಮಾಣುಗಳು ಉಂಗುರದಂತೆ ಜೋಡಿಸಿಕೊಂಡ ಅಣುಗಳು) ಸಾಮಾನ್ಯವಾಗಿ ಬಹಳ ಕಡಿಮೆ, ಅವುಗಳಿಂದಲೇ ಉಬ್ಬಿ ಬಿಗಿಯಾಗಿರುವ ಹಳೆಯ ರಬ್ಬರ್ ಸೀಲುಗಳು ಅವಿಲ್ಲದಿದ್ದರೆ ಕುಗ್ಗಿ ಇಂಧನ ಸೋರಬಹುದು.